ನೆರಳಿಗೆ ಎಡಬಲವಿಲ್ಲ

ಹೋದ ವರ್ಷ ಮಳೆಗಾಲದಲ್ಲಿ ನನಗೊಂದು ಇ-ಮೇಲ್ ಬಂತು. ಬರೆದವರು ನನ್ನ ಹಾಗೆಯೇ ಪಿಎಚ್‌ಡಿ ಮಾಡುತ್ತಿರುವ, ಬೇರೊಂದು ಊರಿನ ವಿದ್ಯಾರ್ಥಿ. ಪ್ರಯೋಗ ಮಾಡುವವರಲ್ಲ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು. ಸಮ್ಮೇಳನವೊಂದರಲ್ಲಿ ನಾನು ಹಾಕಿದ್ದ ಪೋಸ್ಟರಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿದ್ದರಂತೆ. ನಿಮ್ಮ ಹರಳಿನೊಳಗಿನ ಕಾಂತೀಯ ಸುರುಳಿ ಎಡಕ್ಕೆ ತಿರುಗುತ್ತದೆ ಎಂದು ತೋರಿಸಿದ್ದೀರಿ, ನನ್ನ ಲೆಕ್ಕದಲ್ಲೂ ಎಡವೇ ಬಂದಿದೆ, ನನ್ನ ಥೀಸಿಸಿನಲ್ಲಿ ನಿಮ್ಮ ಪ್ರಯೋಗವನ್ನು ಸಾಕ್ಷಿಯಾಗಿ ಹೆಸರಿಸಬಹುದೇ ಎಂಬುದು ಪತ್ರದ ಸಾರ.

ಓದಿದಾಗ ಮೊದಲು ಖುಷಿಯೇ ಆಯಿತು. ಸಂಶೋಧನೆಯ ನಾಲ್ಕನೆಯ ವರ್ಷದಲ್ಲಿರುವವರಿಗೆ ತಮ್ಮ ಕೆಲಸವನ್ನು ಯಾರೋ ನಿಂತು ನೋಡಿದ್ದಾರೆ ಎಂಬುದೇ ದೊಡ್ಡ ಸಂಗತಿ. ಆಮೇಲೆ ಪೋಸ್ಟರಿನ ಫೈಲ್ ತೆರೆದು ನೋಡಿದೆ. ಹೌದು, ಚಿತ್ರದಲ್ಲಿ ಬಾಣಗಳು ಒಂದರ ಮೇಲೊಂದು ಎಡಕ್ಕೆ ತಿರುಗುತ್ತಾ ಮೇಲೇರಿದ್ದವು. ಆದರೆ ಆ ಎಡ ಎಲ್ಲಿಂದ ಬಂತು? ಪ್ರಯೋಗದಿಂದ ಬಂದದ್ದಲ್ಲ. ಚಿತ್ರ ಬರೆಯುವ ಸಾಫ್ಟ್‌ವೇರಿಗೆ ಒಂದು ಸಂಖ್ಯೆ ಕೊಡಬೇಕಿತ್ತು. ಅದರ ಮುಂದೆ ಪ್ಲಸ್ ಇದ್ದರೆ ಸುರುಳಿ ಒಂದು ಕಡೆ ತಿರುಗುತ್ತದೆ, ಮೈನಸ್ ಇದ್ದರೆ ಇನ್ನೊಂದು ಕಡೆ. ನಾನು ಏನೋ ಒಂದು ಹಾಕಿದ್ದೆ. ಯಾವುದು ಹಾಕಿದೆ ಎಂಬುದೂ ನೆನಪಿರಲಿಲ್ಲ.

ಪೋಸ್ಟರಿನ ಬರಹದಲ್ಲಿ ‘ಎಡ’ ಎಂಬ ಪದ ಒಂದು ಕಡೆಯೂ ಇಲ್ಲ. ಹುಡುಕಿ ನೋಡಿದೆ. ಹಾಗಿದ್ದರೆ ನಾನು ಸುಳ್ಳು ಹೇಳಿದೆನೇ? ಆಡದ ಮಾತಿಗೆ ಹೊಣೆ ಯಾರು? ಈ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನು ಇಲ್ಲಿ ಬಿಡಿಸಿ ನೋಡಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ಕನ್ನಡದಲ್ಲಿ ಎಡಮುರಿ, ಬಲಮುರಿ ಎಂಬ ಎರಡು ಒಳ್ಳೆಯ ಪದಗಳಿವೆ. ಬಲಮುರಿ ಗಣಪತಿ, ಬಲಮುರಿ ಶಂಖ ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ದಂಡೆಯಲ್ಲಿ ಎಡಮುರಿ, ಬಲಮುರಿ ಎಂಬ ಜಾಗಗಳೇ ಇವೆ. ಒಂದು ಹಗ್ಗವನ್ನು ಕೈಗೆತ್ತಿಕೊಂಡು ಅದರ ಹುರಿ ಯಾವ ಕಡೆಗಿದೆ ನೋಡಿ. ಈಗ ಹಗ್ಗವನ್ನು ತಲೆಕೆಳಗು ಮಾಡಿ. ಹುರಿ ಬದಲಾಗುವುದಿಲ್ಲ. ಎಡಮುರಿ ಹಗ್ಗವನ್ನು ಹೇಗೆ ತಿರುಗಿಸಿ ಹಿಡಿದರೂ ಅದು ಎಡಮುರಿಯೇ. ಅದನ್ನು ಬಲಮುರಿಯಾಗಿ ಕಾಣಬೇಕಾದರೆ ಕನ್ನಡಿಯಲ್ಲೇ ನೋಡಬೇಕು. ಕನ್ನಡಿಯೊಳಗಿನ ರೂಪವನ್ನು ಎಷ್ಟು ತಿರುಗಿಸಿದರೂ ಹೊರಗಿನದರ ಮೇಲೆ ಕೂರಿಸಲಾಗದ ಇಂಥ ವಸ್ತುಗಳನ್ನು ವಿಜ್ಞಾನದಲ್ಲಿ ಕೈರಲ್ ಎನ್ನುತ್ತಾರೆ. ಗ್ರೀಕಿನಲ್ಲಿ ಅದರ ಮೂಲ ‘ಕೈ’ ಎಂಬ ಅರ್ಥದ ಪದ. ನಮ್ಮ ಎರಡು ಕೈಗಳು ಇದಕ್ಕೆ ಅತಿ ಹತ್ತಿರದ ಉದಾಹರಣೆ.

ಕೆಲವು ಹರಳುಗಳೂ ಹೀಗೆಯೇ. ಅವುಗಳ ಪರಮಾಣುಗಳ ಜೋಡಣೆಯಲ್ಲೇ ಎಡಬಲವಿದೆ. ಮ್ಯಾಂಗನೀಸ್ ಮತ್ತು ಸಿಲಿಕಾನ್ ಸೇರಿದ ಮ್ಯಾಂಗನೀಸ್ ಸಿಲಿಸೈಡ್ ಇವುಗಳಲ್ಲಿ ಹೆಸರಾಂತದ್ದು. ಇದನ್ನು 29 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸುಮಾರು ಮೈನಸ್ 244 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿದರೆ ಪ್ರತಿ ಮ್ಯಾಂಗನೀಸ್ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವಾಗಿ ಶಿಸ್ತಿಗೆ ಬರುತ್ತದೆ. ಆ ಶಿಸ್ತು ಸೈನಿಕರ ಸಾಲಿನದಲ್ಲ. ಒಂದರ ದಿಕ್ಕಿನಿಂದ ಮುಂದಿನದರ ದಿಕ್ಕು ತುಸುವೇ ಸರಿದು, ಸುಮಾರು 18 ನ್ಯಾನೋಮೀಟರ್ ದೂರ ಹೋಗುವಷ್ಟರಲ್ಲಿ ಒಂದು ಪೂರ್ತಿ ಸುತ್ತು ಮುಗಿದಿರುತ್ತದೆ. ಹರಳಿನ ಜೋಡಣೆಯಷ್ಟೇ ಅಲ್ಲದೆ ಅದರ ಕಾಂತೀಯತೆಯೂ ಹುರಿಗೊಂಡಿರುತ್ತದೆ. ಇಂಥ ಸುರುಳಿ ಅಲ್ಲಿದೆ ಎಂದು 1976ರಲ್ಲಿ ತಿಳಿದದ್ದು ನ್ಯೂಟ್ರಾನ್‌ಗಳಿಂದ.

ನ್ಯೂಟ್ರಾನ್‌ಗೆ ವಿದ್ಯುದಂಶವಿಲ್ಲ, ಹಾಗಾಗಿ ಅದು ವಸ್ತುವಿನೊಳಗೆ ಆಳಕ್ಕೆ ಸಲೀಸಾಗಿ ಹೋಗುತ್ತದೆ. ಆದರೆ ತಾನೇ ಒಂದು ಕಿರಿದಾದ ಅಯಸ್ಕಾಂತವೂ ಆಗಿರುವುದರಿಂದ ಒಳಗಿನ ಅಯಸ್ಕಾಂತಗಳು ಅದಕ್ಕೆ ಕಾಣುತ್ತವೆ. ರಿಯಾಕ್ಟರಿನಿಂದ ಬರುವ ನ್ಯೂಟ್ರಾನ್‌ಗಳನ್ನು ತಣಿಸಿ ವೇಗ ತಗ್ಗಿಸಿದರೆ ಅವುಗಳ ಅಲೆಯುದ್ದ ಪರಮಾಣುಗಳ ನಡುವಿನ ಅಂತರಕ್ಕೆ ಹತ್ತಿರವಾಗುತ್ತದೆ. ಹರಳಿಗೆ ತಗುಲಿದ ಅಲೆಗಳು ಕೆಲವೇ ದಿಕ್ಕುಗಳಲ್ಲಿ ಒಂದಕ್ಕೊಂದು ಕೂಡಿ ಚುಕ್ಕೆಗಳಾಗಿ ಹೊಮ್ಮುತ್ತವೆ. ಇದೇ ವಿವರ್ತನೆ. ಅಕ್ಕಪಕ್ಕದ ಪುಟ್ಟ ಅಯಸ್ಕಾಂತಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿರುವ ವಸ್ತುಗಳಿವೆ ಎಂಬುದಕ್ಕೆ 1949ರಲ್ಲಿ ನೇರ ಸಾಕ್ಷಿ ಸಿಕ್ಕಿದ್ದು, ಕ್ಲಿಫರ್ಡ್ ಶಲ್ ಮತ್ತು ಸ್ಯಾಮ್ಯುಯೆಲ್ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ಮಾಡಿದ ಇಂಥದೇ ಪ್ರಯೋಗದಿಂದ. ಮುಂದೆ 1994ರಲ್ಲಿ ಶಲ್ ಮತ್ತು ಬರ್ಟ್ರಂ ಬ್ರಾಕ್‌ಹೌಸ್ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳು ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ನಡೆಯುತ್ತವೆ.

ಇಷ್ಟು ಕೇಳಿದರೆ ನ್ಯೂಟ್ರಾನ್ ಒಳಗಿನದ್ದರ ಫೋಟೊ ತೆಗೆದುಕೊಡುತ್ತದೆ ಅನ್ನಿಸಬಹುದು. ಕೊಡುವುದಿಲ್ಲ. ನಮಗೆ ಸಿಗುವುದು ಚುಕ್ಕೆಗಳು ಎಲ್ಲೆಲ್ಲಿವೆ, ಎಷ್ಟೆಷ್ಟು ಹೊಳೆಯುತ್ತಿವೆ ಎಂಬುದು ಮಾತ್ರ. ಅಲೆಗಳು ಯಾವ ಹಂತದಲ್ಲಿ ಬಂದು ಸೇರಿದವು ಎಂಬ ವಿವರ ಅಳೆಯುವಾಗಲೇ ಕಳೆದುಹೋಗಿರುತ್ತದೆ. ಆಮೇಲೆ ನಾವೊಂದು ರಚನೆಯನ್ನು ಊಹಿಸಿ, ಅದು ಹೀಗಿದ್ದರೆ ಚುಕ್ಕೆಗಳು ಹೇಗಿರಬೇಕಿತ್ತು ಎಂದು ಲೆಕ್ಕ ಹಾಕಿ, ಅಳತೆಯ ಜೊತೆ ಹೋಲಿಸುತ್ತೇವೆ. ಹೊಂದಿದರೆ ‘ಫಿಟ್ ಆಯಿತು’ ಎನ್ನುತ್ತೇವೆ. ಇನ್ನೊಂದು ಊಹೆಯೂ ಅಷ್ಟೇ ಚೆನ್ನಾಗಿ ಹೊಂದಿಬಿಟ್ಟರೆ?

ಒಂದು ಸ್ಪ್ರಿಂಗನ್ನು ಬಿಸಿಲಿನಲ್ಲಿ ಅಡ್ಡ ಹಿಡಿದು ಗೋಡೆಯ ಮೇಲೆ ಅದರ ನೆರಳು ನೋಡಿ. ಮೇಲೆ ಕೆಳಗೆ ಏರಿಳಿಯುವ ಗೆರೆಯೊಂದು ಕಾಣುತ್ತದೆ. ಸುತ್ತುಗಳೆಷ್ಟು, ಸುತ್ತಿನ ಅಗಲವೆಷ್ಟು, ಒಂದು ಸುತ್ತಿನಿಂದ ಇನ್ನೊಂದಕ್ಕೆ ದೂರವೆಷ್ಟು ಎಂಬುದನ್ನೆಲ್ಲ ಆ ನೆರಳಿನಿಂದ ಅಳೆಯಬಹುದು. ಸ್ಪ್ರಿಂಗು ಎಡಮುರಿಯೋ ಬಲಮುರಿಯೋ ಎಂಬುದನ್ನು ಮಾತ್ರ ಹೇಳಲಾಗುವುದಿಲ್ಲ. ಎರಡರ ನೆರಳೂ ಒಂದೇ. ನೆರಳು ಸುಳ್ಳು ಹೇಳುತ್ತಿಲ್ಲ, ಆ ಒಂದು ಪ್ರಶ್ನೆಗೆ ಸುಮ್ಮನಿದೆ, ಅಷ್ಟೆ.

ಸಾಮಾನ್ಯ ನ್ಯೂಟ್ರಾನ್ ಕಿರಣ ಸರಳವಾದ ಕಾಂತೀಯ ಸುರುಳಿಯ ಬಗ್ಗೆ ಕೊಡುವುದು ಇಂಥದೇ ನೆರಳು. ಕಿರಣದಲ್ಲಿರುವ ನ್ಯೂಟ್ರಾನ್‌ಗಳ ಕಾಂತೀಯ ಮುಖ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗಿರುತ್ತದೆ. ಅರ್ಧದಷ್ಟು ನ್ಯೂಟ್ರಾನ್‌ಗಳು ಎಡಬಲದ ಬಗ್ಗೆ ಹೇಳುವುದನ್ನು ಉಳಿದರ್ಧ ಅಳಿಸಿಹಾಕುತ್ತವೆ. ಎಲ್ಲವನ್ನೂ ಒಂದೇ ಕಡೆಗೆ ಮುಖ ಮಾಡಿಸಿ ಕಳಿಸಿದರೆ, ಅಂದರೆ ಧ್ರುವೀಕೃತ ಕಿರಣ ಬಳಸಿದರೆ, ಆಗ ಮೌನ ಮುರಿಯುತ್ತದೆ. ಒಂದು ಮುಖಕ್ಕೆ ಈ ಬದಿಯ ಚುಕ್ಕೆ ಬೆಳಗುತ್ತದೆ, ಮುಖ ತಿರುಗಿಸಿದರೆ ಆ ಬದಿಯದು. ಸುರುಳಿ ಕನ್ನಡಿಯ ರೂಪದ್ದಾಗಿದ್ದರೆ ಈ ಕ್ರಮ ಅದಲುಬದಲಾಗುತ್ತದೆ. ಮ್ಯಾಂಗನೀಸ್ ಸಿಲಿಸೈಡಿನ ಒಂದು ಹರಳಿನೊಳಗೆ ಸುರುಳಿಯೆಲ್ಲ ಒಂದೇ ಕಡೆಗೆ ಹುರಿಗೊಂಡಿದೆ ಎಂದು 1980ರ ದಶಕದಲ್ಲಿ ಗೊತ್ತಾದದ್ದು ಹೀಗೆ. ಸುರುಳಿ ಇದೆ ಎಂದು ತಿಳಿದದ್ದಕ್ಕೂ ಅದು ಯಾವ ಕಡೆಗೆ ಎಂದು ತಿಳಿದದ್ದಕ್ಕೂ ನಡುವೆ ವರ್ಷಗಳೇ ಕಳೆದವು. ಅವು ಎರಡು ಬೇರೆ ಪ್ರಶ್ನೆಗಳು, ಎರಡಕ್ಕೂ ಬೇರೆ ಬೇರೆ ಪ್ರಯೋಗ ಬೇಕು.

ಧ್ರುವೀಕರಣಕ್ಕೆ ಬೆಲೆಯಿದೆ. ಕಡಿಮೆಯೆಂದರೂ ಅರ್ಧದಷ್ಟು ನ್ಯೂಟ್ರಾನ್‌ಗಳನ್ನು ಕೈಬಿಡಬೇಕು, ಅಳತೆಗೆ ಹೆಚ್ಚು ದಿನ ಬೇಕು. ರಿಯಾಕ್ಟರಿನಲ್ಲಿ ಸಮಯ ಸಿಗುವುದೇ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದ ಮೇಲೆ. ನನಗೆ ಸಿಕ್ಕಿದ್ದು ಸಾಮಾನ್ಯ ಕಿರಣದಲ್ಲಿ ನಾಲ್ಕು ದಿನ. ಕೊಂಡೊಯ್ದದ್ದು ಪುಡಿ, ದೊಡ್ಡ ಹರಳಲ್ಲ. ನೂರಾರು ಸಣ್ಣ ಹರಳುಗಳನ್ನು ಅರೆದು ಮಾಡಿದ ಪುಡಿಯಲ್ಲಿ ಎಡ ಹರಳೂ ಇರುತ್ತವೆ, ಬಲ ಹರಳೂ ಇರುತ್ತವೆ. ಅಂದರೆ ನನ್ನ ಚಿತ್ರದ ‘ಎಡ’ಕ್ಕೆ ಆಧಾರವಿರಲಿಲ್ಲ ಎನ್ನುವುದೂ ಸಾಲದು, ಆ ಪುಡಿಯ ಬಗ್ಗೆ ಕೇಳುವಾಗ ಅದಕ್ಕೆ ಅರ್ಥವೇ ಇರಲಿಲ್ಲ. ಇ-ಮೇಲ್ ಬಂದ ರಾತ್ರಿ ಮೈನಸ್ಸನ್ನು ಪ್ಲಸ್ ಮಾಡಿ ಇನ್ನೊಮ್ಮೆ ಫಿಟ್ ಮಾಡಿದೆ. ಕೊನೆಯ ದಶಮಾಂಶದವರೆಗೂ ಅದೇ ಉತ್ತರ ಬಂತು.

ಲ್ಯಾಬಿನಲ್ಲಿ ನನಗಿಂತ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. "ಎಲ್ಲೂ ಎಡ ಅಂತ ಬರೆದಿಲ್ವಲ್ಲ, ಅವರು ಹಾಗೆ ತಿಳ್ಕೊಂಡ್ರೆ ನೀನೇನು ಮಾಡ್ತೀಯ? ಬಿಡು" ಅಂದರು. ಗೈಡ್ ಹತ್ತಿರ ಹೋದೆ. ಅವರು ಚಿತ್ರವನ್ನು ಒಂದು ನಿಮಿಷ ನೋಡಿ, "ಬರೆದಿಲ್ಲ, ಸರಿ. ಆದರೆ ತೋರಿಸಿದ್ದೀಯಲ್ಲ" ಅಂದರು. ಬೇರೇನೂ ಹೇಳಲಿಲ್ಲ.

ಹಿರಿಯರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದರ ಹಿಂದೆ ಗಟ್ಟಿ ವಾದವಿದೆ. ಚಿತ್ರ ಬರೆಯುವುದಾದರೆ ಸುರುಳಿಯನ್ನು ಯಾವುದೋ ಒಂದು ಕಡೆಗೆ ಬರೆಯಲೇಬೇಕು. ‘ಎರಡರಲ್ಲಿ ಒಂದು’ ಎಂದು ಮಾತಿನಲ್ಲಿ ಹೇಳಬಹುದು, ಗೆರೆಯಲ್ಲಿ ಹೇಳಲಾಗದು. ಅದೇ ಚಿತ್ರದಲ್ಲಿ ಮ್ಯಾಂಗನೀಸ್ ಪರಮಾಣುಗಳು ಕೆಂಪು ಗೋಲಿಗಳಾಗಿದ್ದವು. ಮ್ಯಾಂಗನೀಸ್ ಪರಮಾಣು ಕೆಂಪಗಿಲ್ಲ ಎಂದು ನಾನು ಅಡಿಬರಹ ಹಾಕಿರಲಿಲ್ಲ, ಯಾರೂ ಕೇಳಲೂ ಇಲ್ಲ. ಪ್ರತಿಯೊಂದಕ್ಕೂ ಹೀಗೆ ತಪ್ಪೊಪ್ಪಿಗೆ ಬರೆಯುತ್ತಾ ಕೂತರೆ ಪೋಸ್ಟರಿನಲ್ಲಿ ಅದೇ ತುಂಬಿಕೊಳ್ಳುತ್ತದೆ. ಕೆಂಪಿಗಿಲ್ಲದ ಹೊಣೆ ಎಡಕ್ಕೆ ಮಾತ್ರ ಯಾಕೆ?

ಇದಕ್ಕೆ ಉತ್ತರ ಹುಡುಕಲು ನನಗೆ ಬಹಳ ದಿನ ಬೇಕಾಯಿತು. ಈಗ ಅನ್ನಿಸುವುದಿಷ್ಟು: ಬಣ್ಣ ನಾನು ಬಳಿದದ್ದು ಎಂದು ನೋಡುವವರಿಗೆ ಗೊತ್ತು. ಪರಮಾಣುವಿಗೆ ಅಂಥ ಬಣ್ಣವಿಲ್ಲವೆಂಬ ತಿಳಿವಳಿಕೆ ನಮ್ಮಿಬ್ಬರಿಗೂ ಸೇರಿದ್ದು. ಸುರುಳಿಗೆ ಮಾತ್ರ ನಿಜವಾಗಿಯೂ ಎಡಬಲವಿದೆ. ನಾನು ಅದನ್ನು ಅಳೆದಿರಬಹುದು, ಅಳೆಯದೆಯೂ ಇರಬಹುದು. ಎರಡರಲ್ಲಿ ಯಾವುದು ಎಂಬುದು ಚಿತ್ರ ನೋಡಿದವರಿಗೆ ತಿಳಿಯುವ ದಾರಿಯೇ ಇಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಎಲ್ಲಿ ಇನ್ನೊಬ್ಬರಿಗೆ ನನ್ನ ಅಜ್ಞಾನವನ್ನು ಕಂಡುಹಿಡಿಯುವ ದಾರಿಯಿಲ್ಲವೋ ಅಲ್ಲಿ ಅದನ್ನು ಹೇಳುವ ಹೊಣೆ ನನ್ನದು.

ಶಂಖದ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಅಪರೂಪವೆಂದು ನಾವು ಪೂಜೆಗಿಡುವ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಮುರಿಗಳ ಗುಂಪಿಗೆ ಸೇರಿಸುತ್ತಾರೆ. ಅವರು ಸುರುಳಿಯ ಮೊನೆಯನ್ನು ಮೇಲಕ್ಕಿಟ್ಟು, ಬಾಯಿ ತಮ್ಮ ಕಡೆಗಿರುವಂತೆ ಹಿಡಿದು, ಅದು ಯಾವ ಬದಿಗೆ ತೆರೆದಿದೆ ನೋಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಮೊನೆ ಕೆಳಕ್ಕಿರುತ್ತದೆ. ಶಂಖದ ಹುರಿ ಬದಲಾಗಿಲ್ಲ, ಹೆಸರು ಮಾತ್ರ ಬೇರೆ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಯಾಕೆಂದರೆ ಹೇಗೆ ಹಿಡಿದೆವು ಎಂದು ಎರಡೂ ಕಡೆಯವರು ಹೇಳಬಲ್ಲರು, ಶಂಖ ಕೈಯಲ್ಲೇ ಇದೆ. ನನ್ನ ಕೈಯಲ್ಲಿದ್ದದ್ದು ಶಂಖವಲ್ಲ, ಅದರ ನೆರಳು.

ರಸಾಯನಶಾಸ್ತ್ರದವರು ಇಂಥ ನೆರಳಿನ ಜೊತೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬದುಕಿದರು. 1848ರಲ್ಲಿ ಲೂಯಿ ಪ್ಯಾಸ್ಚರ್ ಟಾರ್ಟರಿಕ್ ಆಮ್ಲದ ಲವಣವೊಂದರ ಹರಳುಗಳಲ್ಲಿ ಎರಡು ಬಗೆಯವಿರುವುದನ್ನು ಕಂಡು, ಒಂದೊಂದಾಗಿ ಕೈಯಿಂದಲೇ ಆರಿಸಿ ಬೇರೆ ಮಾಡಿದರು. ಅವು ಒಂದಕ್ಕೊಂದು ಕನ್ನಡಿಯ ರೂಪ ಎಂದು ತಿಳಿಯಿತು. ಆದರೆ ಅಣುವಿನೊಳಗೆ ಯಾವುದು ಎಡ, ಯಾವುದು ಬಲ ಎಂದು ಹೇಳಲು ದಾರಿಯಿರಲಿಲ್ಲ. 1891ರಲ್ಲಿ ಎಮಿಲ್ ಫಿಶರ್ ಸಕ್ಕರೆಗಳ ರಚನೆ ಬಿಡಿಸುತ್ತಾ ಇದೇ ಕವಲಿಗೆ ಬಂದು ನಿಂತರು. ಗ್ಲೂಕೋಸಿಗೆ ಎರಡು ರೂಪಗಳು ಸಾಧ್ಯ, ಎರಡರಲ್ಲಿ ಯಾವುದನ್ನು ಆರಿಸಿದರೂ ತರ್ಕ ಸರಿಹೋಗುತ್ತದೆ. ಅವರು ಒಂದನ್ನು ಆರಿಸಿಕೊಂಡರು. ಇದು ಆಯ್ಕೆಯೇ ಹೊರತು ಶೋಧವಲ್ಲ ಎಂದು ಮುಂದಿನ ತಲೆಮಾರಿನ ರಸಾಯನಶಾಸ್ತ್ರಜ್ಞರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಆ ಅಡಿಪಾಯದ ಮೇಲೆ ಸಾವಿರಾರು ಅಣುಗಳ ಸಂಬಂಧಗಳನ್ನು ಕಟ್ಟಿದರು. ಆಯ್ಕೆ ತಪ್ಪಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಕನ್ನಡಿಯಲ್ಲಿ ತಿರುಗಿಸಿದರೆ ಸಾಕಿತ್ತು.

ಒಂದು ಹರಳು ಮತ್ತು ಅದರ ಕನ್ನಡಿ ರೂಪ ಎಕ್ಸ್-ಕಿರಣಕ್ಕೂ ಸಾಮಾನ್ಯವಾಗಿ ಒಂದೇ ಬಗೆಯ ಚುಕ್ಕೆಗಳನ್ನು ಕೊಡುತ್ತವೆ ಎಂದು 1913ರಲ್ಲಿ ಫ್ರಿಡೆಲ್ ತೋರಿಸಿದ್ದರು. ಆ ನಿಯಮ ಸ್ವಲ್ಪ ಸಡಿಲವಾಗುವ ಸಂದರ್ಭವೊಂದನ್ನು ಹಿಡಿದುಕೊಂಡು 1951ರಲ್ಲಿ ನೆದರ್‌ಲ್ಯಾಂಡ್ಸಿನ ಬೈಫೂಟ್ ಮತ್ತು ಸಂಗಡಿಗರು ಟಾರ್ಟರಿಕ್ ಆಮ್ಲದ ಲವಣದಲ್ಲಿ ನಿಜವಾದ ಎಡಬಲವನ್ನು ಮೊದಲ ಸಲ ಓದಿದರು. ಅಸಂಗತ ಚದುರುವಿಕೆ ಎಂಬ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಎಸ್. ರಾಮಶೇಷನ್ ಅವರೂ ಇದ್ದಾರೆ. ಫಿಶರ್ ತೀರಿಕೊಂಡು ಆಗ 32 ವರ್ಷಗಳಾಗಿದ್ದವು. ಅವರ ಆಯ್ಕೆ ಸರಿಯಾಗಿಯೇ ಇತ್ತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಫಿಶರ್ ಅವರ ಅದೃಷ್ಟಕ್ಕೆ ತಲೆದೂಗಿ ಮುಗಿಸುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ಅವರ ಊಹೆ ತಪ್ಪಾಗಿದ್ದರೂ ಅವರ ಪ್ರಾಮಾಣಿಕತೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಹಾಗೆಯೇ, ನಾಳೆ ನನ್ನ ಹರಳಿನ ಸುರುಳಿ ನಿಜಕ್ಕೂ ಎಡಮುರಿ ಎಂದು ಸಾಬೀತಾದರೂ ನನ್ನ ಪೋಸ್ಟರ್ ಪ್ರಾಮಾಣಿಕವಾಗುವುದಿಲ್ಲ. ಕಣ್ಣು ಮುಚ್ಚಿ ಹೇಳಿದ್ದು ನಿಜವಾದ ಮಾತ್ರಕ್ಕೆ ನಾನು ಕಂಡಿದ್ದೆ ಎಂದಾಗದು. ಊಹೆ ಮಾಡುವುದರಲ್ಲಿ ತಪ್ಪಿಲ್ಲ, ಊಹೆಯಿಲ್ಲದೆ ನನ್ನ ಕ್ಷೇತ್ರದಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಅದು ಊಹೆ ಎಂಬ ಗುರುತು ಅದರ ಮೈಮೇಲೆ ಉಳಿದಿರಬೇಕು.

ಇನ್ನೊಂದು ಸಂಗತಿಯೂ ಹೇಳಬೇಕು, ಯಾಕೆಂದರೆ ನೆರಳು ಎಷ್ಟು ಜಾಣರನ್ನೂ ಕಾಯಿಸುತ್ತದೆ. ಮ್ಯಾಂಗನೀಸ್ ಸಿಲಿಸೈಡಿಗೆ 29 ಕೆಲ್ವಿನ್‌ಗೆ ಸ್ವಲ್ಪ ಕೆಳಗೆ ತಕ್ಕಷ್ಟು ಕಾಂತಕ್ಷೇತ್ರ ಕೊಟ್ಟರೆ ‘ಎ’ ಹಂತ ಎಂಬ ಸಣ್ಣ ಪ್ರದೇಶವೊಂದು ಸಿಗುತ್ತದೆ. ಕಾಂತಕ್ಷೇತ್ರವನ್ನು ಕಿರಣಕ್ಕೆ ಅಡ್ಡಲಾಗಿಟ್ಟು ನೋಡಿದಾಗ ಅಲ್ಲಿ ಕಂಡದ್ದು ಎರಡು ಚುಕ್ಕೆ. ಸುರುಳಿ ಕ್ಷೇತ್ರಕ್ಕೆ ಅಡ್ಡ ತಿರುಗಿ ನಿಂತಿದೆ ಎಂದು ಅದನ್ನು ಅರ್ಥ ಮಾಡಿಕೊಂಡಿದ್ದರು. 2009ರಲ್ಲಿ ಮ್ಯೂನಿಕ್ ಬಳಿಯ ರಿಯಾಕ್ಟರಿನಲ್ಲಿ ಕ್ಷೇತ್ರವನ್ನು ಕಿರಣದ ದಿಕ್ಕಿಗೇ ತಿರುಗಿಸಿ ನೋಡಿದರು. ಆರು ಚುಕ್ಕೆಗಳು ಷಟ್ಕೋನವಾಗಿ ಕಂಡವು. ಸುಳಿಗಳಂಥ ಕಾಂತೀಯ ರಚನೆಗಳ ಜಾಲ ಅದು. ಅವಕ್ಕೆ ಸ್ಕರ್ಮಿಯಾನ್ ಎಂದು ಹೆಸರು. ಆದರೆ ಆರು ಚುಕ್ಕೆಗಳಷ್ಟರಿಂದಲೇ ಇದು ಸಾಬೀತಾಗುವುದಿಲ್ಲ. ಹರಳಿನ ಬೇರೆ ಬೇರೆ ಭಾಗಗಳಲ್ಲಿ ಮೂರು ದಿಕ್ಕಿನ ಬಿಡಿ ಸುರುಳಿಗಳಿದ್ದರೂ ಆರೇ ಚುಕ್ಕೆ ಬರುತ್ತವೆ. ಹಾಗಾಗಿ ಸಿದ್ಧಾಂತದ ಬೆಂಬಲ ಬೇಕಾಯಿತು, ವಿದ್ಯುತ್ ಹರಿವಿನ ಅಳತೆಗಳು ಬೇಕಾದವು. 2010ರಲ್ಲಿ ಇದೇ ಕುಟುಂಬದ ಇನ್ನೊಂದು ವಸ್ತುವಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸುಳಿಗಳನ್ನೇ ತೋರಿಸಿತು. ಎರಡು ಚುಕ್ಕೆ ಕಂಡವರು ಸುಳ್ಳು ಹೇಳಿರಲಿಲ್ಲ. ಕ್ಷೇತ್ರ ಯಾವ ಕಡೆಗಿತ್ತು ಎಂದು ಬರೆದಿಟ್ಟಿದ್ದರು. ಅದರಿಂದಲೇ ಮುಂದಿನವರಿಗೆ ಇನ್ನೊಂದು ಕಡೆಯಿಂದ ನೋಡಬೇಕೆಂದು ತಿಳಿಯುವಂತಿತ್ತು.

ಎಡವೋ ಬಲವೋ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಈ ಕ್ಷೇತ್ರದಲ್ಲಿ ಅದು ಸಣ್ಣದಲ್ಲ. ಹರಳಿನ ಎಡಬಲವೇ ಕಾಂತೀಯ ಸುರುಳಿಯ ಎಡಬಲವನ್ನು ನಿರ್ಧರಿಸುತ್ತದೆ, ಆದರೆ ಯಾವುದಕ್ಕೆ ಯಾವುದು ಎಂಬುದು ವಸ್ತುವಿನಿಂದ ವಸ್ತುವಿಗೆ ಬೇರೆ. ಮ್ಯಾಂಗನೀಸ್ ಜರ್ಮನೈಡಿನಲ್ಲಿ ಮ್ಯಾಂಗನೀಸಿನ ಬದಲು ಕಬ್ಬಿಣವನ್ನು ಹೆಚ್ಚೆಚ್ಚು ಸೇರಿಸುತ್ತಾ ಹೋದರೆ, ಕಬ್ಬಿಣ ಸುಮಾರು ಮುಕ್ಕಾಲು ಪಾಲಾಗುವ ಹೊತ್ತಿಗೆ ಸುರುಳಿ ಬಿಚ್ಚಿಕೊಂಡು ನೇರವಾಗಿ, ಅದನ್ನು ದಾಟಿದ ಮೇಲೆ ಇನ್ನೊಂದು ಕಡೆಗೆ ಹುರಿಗೊಳ್ಳುತ್ತದೆ. ಈ ಚಿಹ್ನೆಯನ್ನು ಸರಿಯಾಗಿ ಮುನ್ನುಡಿಯುವುದೇ ಸಿದ್ಧಾಂತಕ್ಕೆ ಪರೀಕ್ಷೆ. ನನಗೆ ಪತ್ರ ಬರೆದವರು ತಮ್ಮ ಮೂರು ವರ್ಷದ ಲೆಕ್ಕವನ್ನು ಒರೆಗೆ ಹಚ್ಚಲು ಹೊರಟಿದ್ದರು. ನಾನು ಕೊಟ್ಟ ಒರೆಗಲ್ಲು, ಯೋಚಿಸದೆ ಒತ್ತಿದ ಒಂದು ಮೈನಸ್.

ಎರಡು ದಿನ ಬಿಟ್ಟು ಉತ್ತರ ಬರೆದೆ. ಸುಲಭವಾಗಿರಲಿಲ್ಲ. ಪೋಸ್ಟರಿಗೆ ಬಹುಮಾನವೂ ಬಂದಿತ್ತು. ನಮ್ಮ ಕರಡು ಲೇಖನದಲ್ಲೂ ಅದೇ ಚಿತ್ರವಿತ್ತು. ಫೆಲೋಶಿಪ್ ಮುಗಿಯಲು ವರ್ಷ ಉಳಿದಿತ್ತು. ‘ಎಡ’ ಇಲ್ಲದಿದ್ದರೆ ನನ್ನ ಫಲಿತಾಂಶ ಎಷ್ಟು ತೆಳ್ಳಗಿದೆ ಎಂಬುದು ಎದ್ದು ಕಾಣುತ್ತಿತ್ತು. ಆದರೂ ಬರೆದೆ: ಸುರುಳಿಯ ಉದ್ದ ನಾವು ಅಳೆದದ್ದು, ಅದನ್ನು ನಂಬಬಹುದು. ದಿಕ್ಕು ನಾವು ಅಳೆದದ್ದಲ್ಲ, ಅದು ಚಿತ್ರ ಬರೆಯುವಾಗ ಬಂದದ್ದು. ದಯವಿಟ್ಟು ಅದಕ್ಕೆ ನಮ್ಮನ್ನು ಸಾಕ್ಷಿಯಾಗಿ ಹೆಸರಿಸಬೇಡಿ.

ಉತ್ತರ ಎರಡೇ ಸಾಲಿನದು. ಹೇಳಿದ್ದಕ್ಕೆ ಧನ್ಯವಾದ, ಆ ಭಾಗವನ್ನು ಥೀಸಿಸಿನಿಂದ ತೆಗೆಯುತ್ತೇನೆ ಎಂದಿದ್ದರು. ಬೇಸರವಾಗಿರಬೇಕು. ನನಗೂ ಆಯಿತು.

ಈಗ ನಮ್ಮ ಲೇಖನದಲ್ಲಿ ಚಿತ್ರ ಅದೇ ಇದೆ, ಸುರುಳಿ ಎಡಕ್ಕೇ ಇದೆ. ಕೆಳಗೊಂದು ಸಾಲು ಸೇರಿದೆ: ಸುರುಳಿಯನ್ನು ಇಲ್ಲಿ ಒಂದು ಕಡೆಗೆ ಬರೆಯಲಾಗಿದೆ, ಈ ಪ್ರಯೋಗ ಅದರ ಎಡಬಲವನ್ನು ಹೇಳುವುದಿಲ್ಲ. ಧ್ರುವೀಕೃತ ಕಿರಣಕ್ಕೆ ಅರ್ಜಿ ಹಾಕಿದ್ದೇವೆ. ಅದಕ್ಕೆ ಒಂದೇ ಕೈಯ ದೊಡ್ಡ ಹರಳು ಬೇಕು. ಕುಲುಮೆಯಲ್ಲಿ ಈವರೆಗೆ ಬೆಳೆದದ್ದರಲ್ಲಿ ದೊಡ್ಡದು ಎಳ್ಳುಕಾಳಿನಷ್ಟಿದೆ.